ತ್ರಯೇಕ ದೇವರನ್ನು ಒಪ್ಪದ ಕ್ರೈಸ್ತರೂ ಇದ್ದಾರಾ? ಹಾಗಾದರೆ ಯೇಸು ಅವರಿಗೆ ಯಾರು?

ಕಡಲಕರೆ:

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನಮ್ಮದು ಉಡುಪಿ ಕಡೆ. ಮುತ್ತಜ್ಜನ ಕಾಲಕ್ಕೆ ಬಾಸೆಲ್ ಮಿಷನ್ ಸಭೆ, ಈಗ ಸಿಎಸ್‌ಐ (ದಕ್ಷಿಣ ಭಾರತ ಸಭೆ). ಸಂಡೇ ಸ್ಕೂಲು, ದೃಢೀಕರಣ, ಕ್ವಾಯರ್ ಎಲ್ಲ ಆಗಿದೆ. ಈಗ ಬೆಂಗಳೂರಿನಲ್ಲಿ ಕೆಲಸ, ಪಿಜಿಯಲ್ಲಿ ವಾಸ. ನನ್ನ ರೂಮ್‌ಮೇಟ್ ಮೇಘಾಲಯದ ಜೋವಾಯ್ ಊರಿನವಳು. ಕ್ರೈಸ್ತಳೇ ಇರಬೇಕು ಅಂದುಕೊಂಡು ಹೋದ ತಿಂಗಳು ಒಂದು ಭಾನುವಾರ ಇಂಗ್ಲಿಷ್ ಆರಾಧನೆಗೆ ಕರೆದುಕೊಂಡು ಹೋದೆ. ಚೆನ್ನಾಗಿ ಹಾಡಿದಳು, ನನಗಿಂತ ಚೆನ್ನಾಗಿ. ಆದರೆ ವಿಶ್ವಾಸ ಪ್ರಮಾಣ ಹೇಳುವಾಗ ಬಾಯಿ ಮುಚ್ಚಿಕೊಂಡು ನಿಂತಳು. ತಂದೆ, ಮಗ, ಪವಿತ್ರಾತ್ಮ ಅಂತ ಬಂದ ಕಡೆಯೆಲ್ಲ ಅಷ್ಟೇ. ಈ ಮೂವರೂ ಒಬ್ಬನೇ ದೇವರು ಅನ್ನುವುದೇ ನಮ್ಮ ತ್ರಯೇಕತ್ವ.

ಹೊರಗೆ ಬಂದು ಕಾಫಿ ಕುಡಿಯುವಾಗ ಕೇಳಿದೆ. ‘ನಾವು ಯುನಿಟೇರಿಯನ್. ದೇವರು ಒಬ್ಬನೇ. ಯೇಸು ದೇವರಲ್ಲ, ಗುರು’ ಅಂದಳು. ಅಷ್ಟು ಸಲೀಸಾಗಿ! ನಾನು ಬಿಡಲಿಲ್ಲ. ಸಂಡೇ ಸ್ಕೂಲಿನಲ್ಲಿ ಕಲಿತದ್ದನ್ನೇ ಹೇಳಿದೆ, ನೀರು, ಮಂಜುಗಡ್ಡೆ, ಆವಿ ಮೂರೂ ಒಂದೇ ಅಲ್ವಾ ಅಂತ. ಅವಳು ಒಂದು ಕ್ಷಣ ಸುಮ್ಮನಿದ್ದು, ‘ಹಾಗಾದ್ರೆ ಗೆತ್ಸೆಮನೆ ತೋಟದಲ್ಲಿ ಯೇಸು ಪ್ರಾರ್ಥನೆ ಮಾಡಿದ್ದು ಯಾರಿಗೆ? ಮಂಜುಗಡ್ಡೆ ಆವಿಗೆ ಪ್ರಾರ್ಥನೆ ಮಾಡಿತಾ?’ ಅಂದಳು.

ನಾನು ಕಾಫಿ ಕುಡಿದೆ.

ಊರಿಗೆ ಹೋದಾಗ ಸಭಾಪಾಲಕರನ್ನು ಕೇಳಿದೆ. ಅದು ದೇವರ ರಹಸ್ಯ, ತಲೆಗೆ ನಿಲುಕುವುದಲ್ಲ, ನಂಬಬೇಕು ಅಂದರು. ಇರಬಹುದು. ಆದರೆ ಅವಳಿಗೆ ಹೋಗಿ ಅದನ್ನೇ ಹೇಳಿದರೆ ನಗುತ್ತಾಳೆ. ಇವರೆಲ್ಲ ಓದುವುದು ನಮ್ಮದೇ ಬೈಬಲ್ಲಾ? ‘ವಾಕ್ಯವು ದೇವರಾಗಿತ್ತು’ ಅನ್ನುವ ಯೋಹಾನನ ಮೊದಲ ಅಧ್ಯಾಯ, ಶಿಷ್ಯ ತೋಮ ಯೇಸುವನ್ನು ‘ನನ್ನ ದೇವರು’ ಅಂದದ್ದು, ಇದನ್ನೆಲ್ಲ ಏನು ಮಾಡುತ್ತಾರೆ? ಯೇಸು ದೇವರಲ್ಲ ಅಂದಮೇಲೆ ಕ್ರೈಸ್ತ ಅಂತ ಕರೆದುಕೊಳ್ಳುವುದಕ್ಕೆ ಉಳಿಯುವುದಾದರೂ ಏನು? ಗೊತ್ತಿರುವವರು ಹೇಳಿ. ಜಗಳ ಬೇಡ, ಪ್ಲೀಸ್.

ಮೂಲೆಮನೆ:

ನಾನು ಕ್ರೈಸ್ತ ಅಲ್ಲ, ಸುಮ್ನೆ ಬಾಯಿ ಹಾಕುತ್ತಿದ್ದೇನೆ. ಬಿಲ್ವಪತ್ರೆ ನೋಡಿ. ಮೂರು ದಳ, ಪತ್ರೆ ಒಂದೇ. ನಮ್ಮ ತ್ರಿಮೂರ್ತಿಗಳ ಹಾಗೇ ಅಲ್ವಾ? ಇದಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ?

ಹಳೇಬೆಂಚು:

ಮೂಲೆಮನೆಯವರೇ, ಬಿಲ್ವಪತ್ರೆ ಚೆನ್ನಾಗಿದೆ, ಆದರೆ ನಡೆಯುವುದಿಲ್ಲ. ಒಂದು ದಳ ಪತ್ರೆಯ ಮೂರನೇ ಒಂದು ಪಾಲು ಮಾತ್ರ. ಸಭೆ ಹೇಳುವುದು ತಂದೆ ಪೂರ್ತಿ ದೇವರು, ಮಗ ಪೂರ್ತಿ ದೇವರು, ಆತ್ಮ ಪೂರ್ತಿ ದೇವರು, ಆದರೂ ದೇವರು ಒಬ್ಬನೇ ಅಂತ. ತ್ರಿಮೂರ್ತಿಗಳ ಹಾಗೆ ಕೆಲಸ ಹಂಚಿಕೊಂಡ ಮೂವರೂ ಅಲ್ಲ. ಇನ್ನು ತಂಗಿಯ ನೀರು-ಮಂಜುಗಡ್ಡೆ ಅಂದರೆ ಒಬ್ಬನೇ ಮೂರು ವೇಷ ಹಾಕಿದ ಹಾಗೆ. ಅದನ್ನು ಸಭೆಯೇ ಮೂರನೇ ಶತಮಾನದಲ್ಲಿ ತಪ್ಪು ಅಂತ ತಳ್ಳಿಹಾಕಿತ್ತು. ಸಂಡೇ ಸ್ಕೂಲಿನಲ್ಲಿ ಇವತ್ತಿಗೂ ಅದನ್ನೇ ಕಲಿಸುತ್ತೇವೆ, ನಮ್ಮ ಗ್ರಹಚಾರ. ನಿಮ್ಮ ರೂಮ್‌ಮೇಟ್ ಕೇಳಿದ ಪ್ರಶ್ನೆ ಸರಿಯಾಗೇ ಇದೆ, ಆದರೆ ಅದು ಏಟು ಕೊಡುವುದು ಮಂಜುಗಡ್ಡೆಗೆ, ತ್ರಯೇಕತ್ವಕ್ಕೆ ಅಲ್ಲ. ಮಗ ತಂದೆಗೆ ಪ್ರಾರ್ಥಿಸಿದ, ಯಾಕೆಂದರೆ ಮಗ ತಂದೆಯಲ್ಲ. ಅಷ್ಟೇ.

ಕನ್ನಡದಲ್ಲಿ ಇನ್ನೊಂದು ತೊಂದರೆ ಇದೆ. ‘ಮೂವರು ವ್ಯಕ್ತಿಗಳು’ ಅಂದ ತಕ್ಷಣ ನಮಗೆ ಕಾಣುವುದು ಬಸ್‌ಸ್ಟಾಪಿನಲ್ಲಿ ನಿಂತ ಮೂರು ಜನ. ನಾವು ವ್ಯಕ್ತಿ ಅಂತ ಅನುವಾದಿಸುವ ಗ್ರೀಕ್‌ನ ಹಿಪೊಸ್ಟಾಸಿಸ್ ಅನ್ನುವ ಮಾತಿಗೆ ಆ ಅರ್ಥ ಇಲ್ಲ.

ಎದುರು ಪಕ್ಷದ ಮಾತು ಅವರೇ ಹೇಳಲಿ. ಇಲ್ಲಿ ಒಬ್ಬರು ಇದ್ದಾರೆ, ಬರುತ್ತಾರೆ ನೋಡಿ.

ಮಂಜಿನೂರು:

ಬಂದೆ ಬಂದೆ.

ನಾನು ಚಿಕ್ಕಮಗಳೂರಿನವನು, ಈಗ ಹನ್ನೆರಡು ವರ್ಷದಿಂದ ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದೇನೆ. ಇಲ್ಲಿ ಊರ ನಡುವೆಯೇ ಮಿಲ್ ಹಿಲ್ ಚಾಪೆಲ್ ಅಂತ ಯುನಿಟೇರಿಯನ್ ಆಲಯ ಇದೆ. ಆಮ್ಲಜನಕ ಕಂಡುಹಿಡಿದ ಪ್ರೀಸ್ಟ್ಲಿ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ಜೋಸೆಫ್ ಪ್ರೀಸ್ಟ್ಲಿ 1767ರಿಂದ 1773ರವರೆಗೆ ಇಲ್ಲಿ ಪಾದ್ರಿ ಆಗಿದ್ದ. ಆಮೇಲೆ ಬರ್ಮಿಂಗ್ಹ್ಯಾಮಿಗೆ ಹೋದ. ಅಲ್ಲಿ 1791ರಲ್ಲಿ ದೊಂಬಿ ಎದ್ದು ಅವನ ಮನೆ, ಪುಸ್ತಕ, ಪ್ರಯೋಗಶಾಲೆ ಎಲ್ಲ ನಾಶವಾಯಿತು. ಫ್ರೆಂಚ್ ಕ್ರಾಂತಿಯ ಪರ ಮಾತಾಡಿದ್ದೂ ಕಾರಣ, ಧರ್ಮವೂ ಕಾರಣ. ಕೊನೆಗೆ ಅಮೆರಿಕಕ್ಕೆ ಹೊರಟುಹೋದ. ಇಂಗ್ಲೆಂಡಿನಲ್ಲಿ ತ್ರಯೇಕತ್ವವನ್ನು ನಿರಾಕರಿಸುವುದು ಕಾನೂನಿನ ಪ್ರಕಾರ ಅಪರಾಧ ಅಲ್ಲ ಅಂತ ಆದದ್ದೇ 1813ರಲ್ಲಿ.

ಮೊದಲೇ ಹೇಳಿಬಿಡುತ್ತೇನೆ, ಇವತ್ತು ಇಲ್ಲಿನ ಯುನಿಟೇರಿಯನ್ ಆಲಯಗಳಿಗೆ ಬರುವವರಲ್ಲಿ ಎಲ್ಲರೂ ಕ್ರೈಸ್ತರಲ್ಲ. ದೇವರನ್ನೇ ನಂಬದವರೂ ಬರುತ್ತಾರೆ. ನಾನು ಹಳೇ ಕಾಲದವನು, ಬೈಬಲ್ ಕೈಯಲ್ಲಿಟ್ಟುಕೊಂಡೇ ಯುನಿಟೇರಿಯನ್ ಆದವನು. ಹಾಗಾಗಿ ನಾನು ಹೇಳುವುದು ನಮ್ಮಂಥವರ ಮಾತು.

ಹೌದು ತಂಗಿ, ನಿಮ್ಮದೇ ಬೈಬಲ್. ನಾವು ಶುರು ಮಾಡುವುದು ಯೇಸುವಿನ ಬಾಯಿಂದಲೇ. ದೊಡ್ಡ ಆಜ್ಞೆ ಯಾವುದು ಅಂತ ಒಬ್ಬ ಶಾಸ್ತ್ರಿ ಕೇಳಿದಾಗ (ಮಾರ್ಕ 12) ಯೇಸು ಮೊದಲು ಹೇಳಿದ್ದು ಇಸ್ರಾಯೇಲಿನ ಹಳೇ ಮಾತನ್ನೇ, ನಮ್ಮ ದೇವರಾದ ಕರ್ತನು ಒಬ್ಬನೇ ಅಂತ. ಆ ಶಾಸ್ತ್ರಿ ‘ಸರಿಯಾಗಿ ಹೇಳಿದೆ’ ಅಂದ. ಆ ಯೆಹೂದಿ ಶಾಸ್ತ್ರಿಯ ಮನಸ್ಸಿನಲ್ಲಿ ಒಬ್ಬನೇ ಅಂದರೆ ಮೂವರಲ್ಲಿ ಒಂದು ಅಂತ ಇರಲಿಲ್ಲ. ಯೇಸು ಅವನನ್ನು ತಿದ್ದಲೂ ಇಲ್ಲ, ನೀನು ದೇವರ ರಾಜ್ಯಕ್ಕೆ ದೂರ ಇಲ್ಲ ಅಂದ. ನನಗೆ ಈ ಒಂದು ಸನ್ನಿವೇಶ ಸಾಕು. ಆಮೇಲೆ ಯೋಹಾನ 17:3 ಓದಿ. ಪ್ರಾರ್ಥನೆ ಮಾಡುತ್ತಾ ತಂದೆಯನ್ನು ‘ಒಬ್ಬನೇ ಸತ್ಯದೇವರು’ ಅನ್ನುತ್ತಾನೆ, ತನ್ನನ್ನು ‘ಕಳುಹಿಸಲ್ಪಟ್ಟವನು’ ಅನ್ನುತ್ತಾನೆ. ಆ ದಿನ, ಆ ಗಳಿಗೆ ಮಗನಿಗೂ ಗೊತ್ತಿಲ್ಲ, ತಂದೆಗೆ ಮಾತ್ರ ಗೊತ್ತು ಅನ್ನುತ್ತಾನೆ (ಮಾರ್ಕ 13:32). ಸಾವಿನಿಂದ ಎದ್ದು ಬಂದ ಮೇಲೂ ಮಗ್ದಲದ ಮರಿಯಳಿಗೆ ಹೇಳಿದ್ದು ನನ್ನ ದೇವರೂ ನಿಮ್ಮ ದೇವರೂ ಆಗಿರುವಾತನ ಬಳಿಗೆ ಹೋಗುತ್ತೇನೆ ಅಂತ. ದೇವರಿಗೆ ಒಬ್ಬ ದೇವರು ಇರುತ್ತಾನಾ?

ಇನ್ನು ತೋಮ. ಇಲ್ಲಿ ಕನ್ನಡದವರಾಗಿ ಯೋಚಿಸಿ ಅನ್ನುತ್ತೇನೆ. ನಮ್ಮ ವಿರಕ್ತ ಮಠಗಳಲ್ಲಿ ಇನ್ನೂ ಪಟ್ಟ ಆಗದ ಮರಿಯನ್ನು ‘ದೇವರು’ ಅಂತಲೇ ಕರೆಯುತ್ತಾರೆ. ದೇವರು ಬಂದರು, ದೇವರಿಗೆ ಪ್ರಸಾದ ಆಯಿತಾ ಅಂತ ಕೇಳುತ್ತಾರೆ. ಆ ಹುಡುಗ ಜಗತ್ತನ್ನು ಸೃಷ್ಟಿಸಿದ ಅಂತ ಯಾರಾದರೂ ತಿಳಿಯುತ್ತಾರಾ? ಬೈಬಲ್ಲಿನಲ್ಲೂ ಆ ಬಳಕೆ ಇದೆ. ಮೋಶೆಗೆ ದೇವರು ಹೇಳುತ್ತಾನೆ, ನಿನ್ನನ್ನು ಫರೋಹನಿಗೆ ದೇವರನ್ನಾಗಿ ಮಾಡಿದ್ದೇನೆ ಅಂತ (ವಿಮೋಚನಕಾಂಡ 7:1). 82ನೇ ಕೀರ್ತನೆಯಲ್ಲಿ ನ್ಯಾಯ ಹೇಳುವವರನ್ನು ದೇವರುಗಳು ಅಂದಿದೆ. ನಿನ್ನನ್ನು ನೀನೇ ದೇವರು ಮಾಡಿಕೊಳ್ಳುತ್ತೀಯಾ ಅಂತ ಜನ ಕಲ್ಲೆತ್ತಿಕೊಂಡಾಗ ಯೇಸು ತೋರಿಸಿದ್ದು ಇದೇ ಕೀರ್ತನೆಯನ್ನು (ಯೋಹಾನ 10). ಹೌದು ನಾನೇ ದೇವರು ಅನ್ನಲಿಲ್ಲ.

ಅಡ್ಡಬೀಳುವುದೂ ಹಾಗೇ. ಯೇಸುವಿಗೆ ಜನ ಅಡ್ಡಬಿದ್ದರು, ಆದ್ದರಿಂದ ಅವನು ದೇವರು ಅಂತ ಇಲ್ಲಿನ ಇಂಗ್ಲಿಷ್ ಪುಸ್ತಕಗಳಲ್ಲಿ ಪುಟಗಟ್ಟಲೆ ವಾದ ಇರುತ್ತದೆ. ನನಗೆ ನಗು ಬರುತ್ತದೆ. ಹಬ್ಬದ ದಿನ ಅಜ್ಜಿಗೆ ಅಡ್ಡಬಿದ್ದು ದುಡ್ಡು ಇಸಕೊಂಡ ನಮಗೆ ಆ ವಾದ ನಾಟುವುದೇ ಇಲ್ಲ. ಪೂರ್ವಕಾಲವೃತ್ತಾಂತದಲ್ಲಿ (ಮೊದಲನೇದು, 29:20) ಜನ ಯೆಹೋವನಿಗೂ ಅರಸನಿಗೂ ಅಡ್ಡಬಿದ್ದರು ಅಂತಿದೆ, ಇಬ್ಬರಿಗೂ ಸೇರಿ ಒಂದೇ ಕ್ರಿಯಾಪದ.

ಯೋಹಾನ 1:1ರ ಕಥೆ ಬೇರೆ. ಗ್ರೀಕ್‌ನಲ್ಲಿ ವಾಕ್ಯವು ದೇವರ ಬಳಿ ಇತ್ತು ಅನ್ನುವಲ್ಲಿ ದೇವರು ಪದಕ್ಕೆ ಮುಂಚೆ ಒಂದು ಪುಟ್ಟ ಪದ ಇದೆ, ಇಂಗ್ಲಿಷಿನ ‘ದ’ ಹಾಗೆ. ವಾಕ್ಯವು ದೇವರಾಗಿತ್ತು ಅನ್ನುವಲ್ಲಿ ಇಲ್ಲ. ಇಂಗ್ಲಿಷಿನವರು ದೊಡ್ಡಕ್ಷರವೋ ಚಿಕ್ಕಕ್ಷರವೋ ಅಂತ ಹೊಡೆದಾಡುವುದು ಅದಕ್ಕೇ. ಕನ್ನಡದಲ್ಲಿ ಆ ಪುಟ್ಟ ಪದವೂ ಇಲ್ಲ, ದೊಡ್ಡಕ್ಷರವೂ ಇಲ್ಲ, ಹಾಗಾಗಿ ನಮ್ಮ ಅನುವಾದ ಓದುವವರಿಗೆ ಅಲ್ಲೊಂದು ಜಗಳ ಇದೆ ಅಂತಲೇ ಗೊತ್ತಾಗುವುದಿಲ್ಲ. ನಾನು ಓದುವುದು ಹೀಗೆ: ವಾಕ್ಯ ಅಂದರೆ ದೇವರ ಮಾತು, ದೇವರ ಸಂಕಲ್ಪ, ಯಾವ ಮಾತಿನಿಂದ ಬೆಳಕಾಗಲಿ ಅಂದನೋ ಅದು. ಅದು ಇನ್ನೊಬ್ಬ ವ್ಯಕ್ತಿ ಅಲ್ಲ. 14ನೇ ವಚನದಲ್ಲಿ ಆ ಮಾತು ಒಬ್ಬ ಮನುಷ್ಯನಲ್ಲಿ ಮೈದುಂಬಿತು. ಯೆಹೋವನ ಸಾಕ್ಷಿಗಳು ಬೇರೆ ಥರ ಓದುತ್ತಾರೆ, ಯೇಸು ಭೂಮಿಗೆ ಬರುವ ಮುಂಚೆ ಪ್ರಧಾನದೂತ ಮಿಕಾಯೇಲ ಆಗಿದ್ದ ಅಂತ. ನಮ್ಮನ್ನು ಅವರ ಜೊತೆ ಸೇರಿಸಬೇಡಿ. ಅದಕ್ಕಿಂತ ಜಾಸ್ತಿ ಗೊಂದಲ ‘ಯೇಸು ಮಾತ್ರ’ ಅನ್ನುವ ಪೆಂಟೆಕೋಸ್ಟ್‌ನವರ ವಿಷಯದಲ್ಲಿ. ಅವರೂ ತ್ರಯೇಕತ್ವ ಒಪ್ಪುವುದಿಲ್ಲ, ಆದರೆ ನಮಗೆ ಪೂರ್ತಿ ಉಲ್ಟಾ, ತಂದೆಯೇ ಯೇಸು ಅನ್ನುತ್ತಾರೆ. ಮಂಜುಗಡ್ಡೆಯವರು!

ಮೂಲೆಮನೆ:

ಓ, ಇದು ನನ್ನ ಬಿಲ್ವಪತ್ರೆಗಿಂತ ದೊಡ್ಡ ಗಿಡ. ಒಂದು ವಿಡಿಯೋದಲ್ಲಿ ನೋಡಿದ್ದೆ, ತ್ರಯೇಕತ್ವ ಮಾಡಿದ್ದೇ ಕಾನ್‌ಸ್ಟಂಟೈನ್ ಚಕ್ರವರ್ತಿ, 325ರಲ್ಲಿ ಓಟು ಹಾಕಿಸಿ ಯೇಸುವನ್ನು ದೇವರು ಮಾಡಿದ ಅಂತ. ನಿಜವಾ?

ಹಳೇಬೆಂಚು:

ಆ ವಿಡಿಯೋ ಬಿಡಿ.

325ರಲ್ಲಿ ಬಿಷಪ್ಪರ ಮಹಾಸಭೆ ಸೇರಿದ್ದು ನೈಸಿಯದಲ್ಲಿ (ಈಗಿನ ತುರ್ಕಿಯ ಇಜ್ನಿಕ್). ಅಲ್ಲಿ ಕೂತಿದ್ದ ಎರಡೂ ಕಡೆಯವರು ಯೇಸುವನ್ನು ಆರಾಧಿಸುತ್ತಿದ್ದವರೇ. ಅಲೆಕ್ಸಾಂಡ್ರಿಯದ ಅರಿಯಸ್ ಹೇಳಿದ್ದು ಮಗ ಎಲ್ಲಕ್ಕಿಂತ ಮೊದಲು ಸೃಷ್ಟಿಯಾದವನು, ಅವನು ಇಲ್ಲದ ಒಂದು ಹೊತ್ತು ಇತ್ತು ಅಂತ. ಸಭೆ ಹೇಳಿದ್ದು ಇಲ್ಲ, ತಂದೆಯ ತತ್ವವೇ ಮಗನ ತತ್ವ ಅಂತ. ಪವಿತ್ರಾತ್ಮನ ಮಾತು ಸರಿಯಾಗಿ ಸೇರಿದ್ದು 381ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ. ಚಕ್ರವರ್ತಿಯ ವಿಷಯಕ್ಕೆ ಬಂದರೆ, ಕಾನ್‌ಸ್ಟಂಟೈನ್ ಸಾಯುವ ಮುಂಚೆ 337ರಲ್ಲಿ ದೀಕ್ಷಾಸ್ನಾನ ಪಡೆದದ್ದೇ ಅರಿಯಸ್‌ನ ಪರವಾಗಿದ್ದ ಬಿಷಪ್ಪನ ಕೈಯಲ್ಲಿ. ಅವನ ಮಗ ಕಾನ್‌ಸ್ಟಾಂಟಿಯಸ್ ನೈಸಿಯದ ಮಾತನ್ನು ಒತ್ತಿ ಹಿಡಿದವರನ್ನೇ ಊರು ಬಿಡಿಸಿದ. ರಾಜಬಲದಿಂದಲೇ ಗೆದ್ದಿದ್ದರೆ ಆ ಐವತ್ತು ವರ್ಷದಲ್ಲಿ ನೈಸಿಯ ಸತ್ತೇ ಹೋಗಬೇಕಿತ್ತು. ಆಮೇಲೆ ಥಿಯೊಡೋಸಿಯಸ್ ಚಕ್ರವರ್ತಿ ಬಂದು ಈ ಕಡೆಗೆ ಬಲ ಕೊಟ್ಟ, ಅದನ್ನು ನಾನು ಮುಚ್ಚಿಡುವುದಿಲ್ಲ.

ಈಗ ಮಂಜಿನೂರು ಬ್ರದರ್‌ಗೆ. ಮಠದ ಮರಿಯ ಉದಾಹರಣೆ ಚೆನ್ನಾಗಿದೆ, ಒಂದು ನಿಮಿಷ ನನಗೂ ಬಾಯಿ ಕಟ್ಟಿತು. ಆದರೆ ಆ ಮರಿಗೆ ಯಾರೂ ಸಾಯುವ ಹೊತ್ತಿನಲ್ಲಿ ನನ್ನ ಆತ್ಮವನ್ನು ತಗೋ ಅನ್ನುವುದಿಲ್ಲ. ಕ್ರೈಸ್ತರ ಮೊದಲ ಹುತಾತ್ಮ ಸ್ತೆಫನ ಕಲ್ಲೇಟು ತಿನ್ನುತ್ತಾ ಅದನ್ನೇ ಅಂದ, ಯೇಸುಸ್ವಾಮಿಗೆ (ಅಪೊಸ್ತಲರ ಕೃತ್ಯಗಳು 7:59). ‘ನಮ್ಮ ಕರ್ತನೇ ಬಾ’ ಅನ್ನುವ ಮಾರಾನಾಥ ಅನ್ನುವ ಮಾತು ಪೌಲನ ಪತ್ರದಲ್ಲಿ ಅರಾಮಿಕ್ ಭಾಷೆಯಲ್ಲೇ ಉಳಿದಿದೆ, ಅಂದರೆ ಗ್ರೀಕರು ಸಭೆಗೆ ಬರುವ ಮುಂಚೆ, ಯೆಹೂದಿ ಶಿಷ್ಯರ ಬಾಯಲ್ಲೇ ಹುಟ್ಟಿದ ಪ್ರಾರ್ಥನೆ ಅದು. ಪ್ಲಿನಿ ಅನ್ನುವ ರೋಮನ್ ಅಧಿಕಾರಿ ಸುಮಾರು 112ರಲ್ಲಿ ಚಕ್ರವರ್ತಿಗೆ ಕಾಗದ ಬರೆದ. ಈ ಜನ ಬೆಳಗಿನ ಜಾವ ಸೇರಿ ಕ್ರಿಸ್ತನಿಗೆ, ದೇವರಿಗೆ ಹಾಡುವ ಹಾಗೆ, ಹಾಡುತ್ತಾರೆ ಅಂತ. ನೈಸಿಯಕ್ಕೆ ಇನ್ನೂ ಇನ್ನೂರು ವರ್ಷ ಇತ್ತು. ಒಬ್ಬನೇ ದೇವರು ಅಂತ ಪ್ರಾಣ ಬಿಡುವ ಜನ, ಬೇರೆ ಯಾವ ಪ್ರವಾದಿಗೂ ಮಾಡದ್ದನ್ನು ಈ ಒಬ್ಬನಿಗೆ ಯಾಕೆ ಮಾಡಿದರು? ತ್ರಯೇಕತ್ವ ಆ ಪ್ರಶ್ನೆಗೆ ಉತ್ತರ. ಉತ್ತರ ಕಷ್ಟದ್ದು ಅಂತ ಪ್ರಶ್ನೆಯನ್ನೇ ಅಳಿಸುವುದಕ್ಕೆ ಆಗುವುದಿಲ್ಲ.

ಮತ್ತೆ ಯೋಹಾನ 17:5. ಅದೇ ಪ್ರಾರ್ಥನೆ, ನೀವು ತೋರಿಸಿದ ವಚನದಿಂದ ಎರಡೇ ವಚನ ಕೆಳಗೆ. ಲೋಕ ಹುಟ್ಟುವ ಮುಂಚೆ ನಿನ್ನ ಹತ್ತಿರ ನನಗಿದ್ದ ಮಹಿಮೆ ಅನ್ನುತ್ತಾನೆ. ಅಲ್ಲಿ ನಿಲ್ಲಿಸಬೇಡಿ ಬ್ರದರ್, ಮುಂದಕ್ಕೆ ಓದಿ.

ಮಂಜಿನೂರು:

ಏಟು ಸರಿಯಾಗೇ ಬಿತ್ತು 😄

17:5ಕ್ಕೆ ನಮ್ಮವರು ಕೊಡುವ ಉತ್ತರ, ಅದು ದೇವರ ಯೋಜನೆಯಲ್ಲಿ ಇದ್ದ ಮಹಿಮೆ ಅಂತ. ಯೆರೆಮೀಯನನ್ನು ಗರ್ಭದಲ್ಲಿ ರೂಪಿಸುವ ಮುಂಚೆಯೇ ಬಲ್ಲೆ ಅನ್ನುತ್ತಾನಲ್ಲ, ಆ ಥರ. ನನಗೆ ಸಾಕಷ್ಟು ಒಪ್ಪಿಗೆಯಾಗುತ್ತದೆ, ನಿಮಗೆ ಆಗುವುದಿಲ್ಲ ಅಂತಲೂ ಗೊತ್ತು. ಪರಲೋಕದಿಂದ ಇಳಿದುಬಂದೆ ಅನ್ನುವ ವಚನಗಳಿಗೆ ನಮ್ಮ ಹಿರಿಯ, ಹದಿನಾರನೇ ಶತಮಾನದ ಇಟಲಿಯವನಾದ ಸೊಟ್ಸೀನಿ ಅಂತೂ ಇನ್ನೂ ವಿಚಿತ್ರ ಉತ್ತರ ಕೊಟ್ಟಿದ್ದ. ಯೇಸು ಬೋಧನೆ ಶುರು ಮಾಡುವ ಮುಂಚೆ ಒಮ್ಮೆ ಪರಲೋಕಕ್ಕೆ ಹೋಗಿ ಪಾಠ ಕಲಿತು ಬಂದಿದ್ದ ಅಂತ! ಬೈಬಲ್ಲಿನಲ್ಲಿ ಎಲ್ಲೂ ಇಲ್ಲ. ನಮ್ಮಲ್ಲೂ ಮಂಜುಗಡ್ಡೆಗಳಿವೆ.

ಆದರೆ ಆರಾಧನೆಯ ಪ್ರಶ್ನೆ ನಮ್ಮ ಮನೆಯನ್ನೇ ಒಡೆದ ಪ್ರಶ್ನೆ. ಟ್ರಾನ್ಸಿಲ್ವೇನಿಯದಲ್ಲಿ (ಈಗ ರೊಮೇನಿಯ) ಯಾನೊಶ್ ಸಿಗಿಸ್ಮಂಡ್ ಅನ್ನುವ ಯುನಿಟೇರಿಯನ್ ದೊರೆ ಇದ್ದ. ಅವನ ಕಾಲದಲ್ಲಿ 1568ರಲ್ಲಿ, ತೊರ್ದಾ ಊರಿನ ಸಭೆಯಲ್ಲಿ, ಪಾದ್ರಿಗಳು ತಮಗೆ ಸರಿ ಕಂಡ ಹಾಗೆ ಬೋಧಿಸಬಹುದು, ನಂಬಿಕೆ ದೇವರ ಕೊಡುಗೆ, ಅದಕ್ಕಾಗಿ ಯಾರನ್ನೂ ಹೆದರಿಸಬಾರದು ಅಂತ ತೀರ್ಮಾನ ಆಯಿತು. ಅದರ ಹಿಂದಿದ್ದವನು ಫೆರೆಂಟ್ಸ್ ದಾವಿದ್. ಹತ್ತು ವರ್ಷ ಕಳೆಯಿತು, ದೊರೆ ಸತ್ತ, ಬೇರೆ ದೊರೆ ಬಂದ. ಅಷ್ಟು ಹೊತ್ತಿಗೆ ದಾವಿದ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಯೇಸು ದೇವರಲ್ಲ ಅಂದಮೇಲೆ ಅವನಿಗೆ ಪ್ರಾರ್ಥಿಸುವುದೂ ಸರಿಯಲ್ಲ ಅಂದ. ಅವನ ಮನಸ್ಸು ತಿರುಗಿಸಲು 1578ರಲ್ಲಿ ಇದೇ ಸೊಟ್ಸೀನಿಯನ್ನೇ ಕರೆಸಿದರು. ಇಬ್ಬರೂ ಒಂದೇ ಮನೆಯಲ್ಲಿದ್ದು ತಿಂಗಳುಗಟ್ಟಲೆ ವಾದ ಮಾಡಿದರು, ದಾವಿದ್ ಜಗ್ಗಲಿಲ್ಲ. 1579ರಲ್ಲಿ ದೇವಾ ಕೋಟೆಯ ಸೆರೆಯಲ್ಲಿ ಸತ್ತ. ಅವನು ಕಟ್ಟಿದ ಸಭೆ ಇನ್ನೂ ಇದೆ, ‘ದೇವರು ಒಬ್ಬನೇ’ ಅಂತ ಹಂಗೇರಿಯನ್ ಭಾಷೆಯಲ್ಲಿ ಅವರ ಗುಡಿಗಳ ಮೇಲೆ ಬರೆದಿರುತ್ತಾರೆ.

ಅವನಿಗಿಂತ ಮೊದಲು ಸೆರ್ವೆಟಸ್, ತ್ರಯೇಕತ್ವದ ವಿರುದ್ಧ ಪುಸ್ತಕ ಬರೆದ ಸ್ಪೇನಿನ ವೈದ್ಯ. 1553ರ ಅಕ್ಟೋಬರ್ 27ರಂದು ಜಿನೀವಾದಲ್ಲಿ ಜೀವಂತ ಸುಟ್ಟರು. ಪ್ರಾಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಕಾಲದ ಜಿನೀವಾ, ಪೋಪನ ಕೈ ತಪ್ಪಿಸಿಕೊಂಡು ಬಂದವರ ಊರು, ನೆನಪಿರಲಿ. ಬೆಂಕಿಯಲ್ಲಿ ಅವನು ಕೂಗಿದ್ದು ‘ನಿತ್ಯದೇವರ ಮಗನಾದ ಯೇಸುವೇ, ಕರುಣಿಸು’ ಅಂತ ಹೇಳುತ್ತಾರೆ. ‘ದೇವರ ನಿತ್ಯ ಮಗನಾದ ಯೇಸುವೇ’ ಅಂದಿದ್ದರೆ ಪಕ್ಕದಲ್ಲಿದ್ದ ಪಾದ್ರಿಗಳಿಗೆ ಸಮಾಧಾನ ಆಗುತ್ತಿತ್ತು. ನಿತ್ಯ ಅನ್ನುವ ಪದ ಆ ಕಡೆಯಿಂದ ಈ ಕಡೆ ಬರಬೇಕಿತ್ತು. ಅವನು ತರಲಿಲ್ಲ. ಆದರೆ ನೋಡಿ, ಕರುಣಿಸು ಅಂತ ಕೂಗಿದ್ದು ಯೇಸುವನ್ನೇ. ಹಳೇಬೆಂಚು ಹೇಳಿದ ಸ್ತೆಫನನ ಹಾಗೆ. ಇದು ನನಗೂ ಯೋಚನೆಗೆ ಹಚ್ಚುತ್ತದೆ.

ಗುಡ್ಡದಿಂದ:

ನಾಲ್ಕು ವರ್ಷ ಶಿಲ್ಲಾಂಗ್‌ನಲ್ಲಿ ಕೆಲಸದ ಮೇಲೆ ಇದ್ದೆ. ತಂಗಿ, ನಿಮ್ಮ ಗೆಳತಿಯ ಊರಿನ ಕಥೆ ಯಾರೂ ಹೇಳಲಿಲ್ಲವಲ್ಲ.

ಲೀಡ್ಸು, ಟ್ರಾನ್ಸಿಲ್ವೇನಿಯ ಎಲ್ಲ ಸರಿ, ಆದರೆ ಜೋವಾಯ್‌ಗೆ ಅದನ್ನು ಯಾವ ಮಿಷನರಿಯೂ ಹೊತ್ತು ತರಲಿಲ್ಲ. ಹಜೊಮ್ ಕಿಸ್ಸೋರ್ ಸಿಂಗ್ ಅನ್ನುವ ಖಾಸಿ ಹುಡುಗ, 1865ರಲ್ಲಿ ಹುಟ್ಟಿದವನು, ವೇಲ್ಸ್ ಮಿಷನ್‌ನವರ ಶಾಲೆಯಲ್ಲಿ ಓದಿ ಕ್ರೈಸ್ತನಾದ. ಆದರೆ ಅವರ ನರಕ, ಅವರ ಮೂವರಲ್ಲಿ ಒಬ್ಬ ದೇವರು ಅವನಿಗೆ ಒಪ್ಪಿಗೆಯಾಗಲಿಲ್ಲ. ಸುವಾರ್ತೆಯನ್ನು ತಾನೇ ಓದಿ ಓದಿ ದೇವರು ಒಬ್ಬನೇ ಅನ್ನುವುದಕ್ಕೆ ಬಂದ. ನಿನ್ನಂಥವರನ್ನು ಯುನಿಟೇರಿಯನ್ ಅನ್ನುತ್ತಾರೆ ಅಂತ ಆಮೇಲೆ ಯಾರೋ ಹೇಳಿದಾಗ ಕಲ್ಕತ್ತೆಗೆ ಕಾಗದ ಬರೆದ, ಅಲ್ಲಿಂದ ಅಮೆರಿಕದ ಸಂಡರ್‌ಲ್ಯಾಂಡ್ ಅನ್ನುವ ಪಾದ್ರಿಯ ಪರಿಚಯವಾಯಿತು. 1887ರ ಸೆಪ್ಟೆಂಬರ್ 18ರಂದು ಜೋವಾಯ್‌ನ ಮನೆಯಲ್ಲೇ ಮೊದಲ ಆರಾಧನೆ. ಖಾಸಿಯವರು ಅದನ್ನು ಈಗಲೂ ಹಬ್ಬದ ಥರ ಆಚರಿಸುತ್ತಾರೆ.

ಇನ್ನೊಂದು ಮಾತು. ಅಲ್ಲಿ ಎಷ್ಟೋ ಯುನಿಟೇರಿಯನ್ನರು ತಮ್ಮನ್ನು ಕ್ರೈಸ್ತರು ಅಂತ ಕರೆದುಕೊಳ್ಳುವುದೇ ಇಲ್ಲ. ದೇವರನ್ನು ತಂದೆ ಅಂದ ಹಾಗೆ ತಾಯಿ ಅಂತಲೂ ಕರೆಯುತ್ತಾರೆ. ಮಕ್ಕಳಿಗೆ ತಾಯಿಯ ಕುಲ ಬರುವ ಸಮಾಜ ಅದು, ನಮ್ಮ ಕರಾವಳಿಯ ಅಳಿಯಕಟ್ಟಿನ ಹಾಗೆ. ಅದಕ್ಕೇ ಕೇಳುತ್ತೇನೆ, ಅವಳು ಕ್ರೈಸ್ತಳೇ ಇರಬೇಕು ಅಂತ ನೀವು ಅಂದುಕೊಂಡಿರಿ, ಅವಳು ಹಾಗೆ ಅಂದಳಾ?

ನಮ್ಮ ಪಕ್ಕದ ಮದ್ರಾಸಿನಲ್ಲೂ ಹಳೇ ಯುನಿಟೇರಿಯನ್ ಸಭೆ ಇದೆ, ಪುರಸವಾಕ್ಕಂನಲ್ಲಿ. ಅದನ್ನೂ ಶುರು ಮಾಡಿದ್ದು 1795ರಲ್ಲಿ ಒಬ್ಬ ತಮಿಳಿನವನೇ, ವಿಲಿಯಂ ರಾಬರ್ಟ್ಸ್ ಅಂತ. ಆಳಾಗಿ ಇಂಗ್ಲೆಂಡಿಗೆ ಹೋಗಿದ್ದಾಗ ಪ್ರೀಸ್ಟ್ಲಿಯಂಥವರ ಪುಸ್ತಕ ಓದಿ ಬದಲಾದವನು. ಕಲ್ಕತ್ತೆಯದಂತೂ ತಮಾಷೆ. ರಾಮಮೋಹನ ರಾಯರು 1820ರಲ್ಲಿ ಯೇಸುವಿನ ಬೋಧನೆಗಳನ್ನು ಮಾತ್ರ ಆಯ್ದು ಅಚ್ಚು ಹಾಕಿಸಿದರು, ಪವಾಡಗಳನ್ನು ಬಿಟ್ಟು. ಸೆರಾಂಪುರದ ಬ್ಯಾಪ್ಟಿಸ್ಟರು ಕೆಂಡವಾದರು. ರಾಯರ ಜೊತೆ ವಾದ ಮಾಡುತ್ತಿದ್ದ ವಿಲಿಯಂ ಆಡಂ ಅನ್ನುವ ಮಿಷನರಿ ತಾನೇ ತ್ರಯೇಕತ್ವ ಬಿಟ್ಟು ಈ ಕಡೆ ಬಂದುಬಿಟ್ಟ. ಎರಡನೇ ಸಲ ಬಿದ್ದ ಆದಾಮ ಅಂತ ಜನ ಆಡಿಕೊಂಡರು. ರಾಯರ ಮೂರನೇ ಉತ್ತರವನ್ನು ಅಚ್ಚು ಹಾಕುವುದಿಲ್ಲ ಅಂತ ಬ್ಯಾಪ್ಟಿಸ್ಟ್ ಮುದ್ರಣಾಲಯ ಕೈ ಎತ್ತಿದಾಗ ಅವರು ತಮ್ಮದೇ ಅಚ್ಚಿನಮನೆ ಇಟ್ಟರು.

ಕಡಲಕರೆ:

ಎಲ್ಲರಿಗೂ ಥ್ಯಾಂಕ್ಸ್. ಎರಡು ಸಲ ಓದಿದೆ. ಗುಡ್ಡದಿಂದ ಅವರೇ, ನೀವು ಕೇಳಿದ್ದು ಸರಿ, ಅವಳು ಕ್ರೈಸ್ತಳು ಅಂತ ಹೇಳೇ ಇರಲಿಲ್ಲ. ಇವತ್ತು ಕೇಳಿದೆ. ‘ನೀನು ಕೇಳಲೇ ಇಲ್ಲವಲ್ಲ’ ಅಂದಳು. ಹಜೊಮ್ ಕಿಸ್ಸೋರ್ ಸಿಂಗ್ ಹೆಸರು ಹೇಳಿದ್ದಕ್ಕೆ ಕಣ್ಣರಳಿಸಿದಳು.

ಮಂಜಿನೂರು ಅಣ್ಣ, ನನ್ನ ಕೊನೆಯ ಪ್ರಶ್ನೆಗೆ ನೀವು ಉತ್ತರ ಕೊಡಲಿಲ್ಲ. ಯೇಸು ದೇವರಲ್ಲ ಅಂದಮೇಲೆ ಶಿಲುಬೆ ಏನಾಯಿತು? ನೀವು ಪ್ರಾರ್ಥನೆ ಯಾರಿಗೆ ಮಾಡುತ್ತೀರಿ?

ಮಂಜಿನೂರು:

ತಂದೆಗೆ, ಯೇಸುವಿನ ಹೆಸರಿನಲ್ಲಿ. ಅವನು ಕಲಿಸಿದ ಪ್ರಾರ್ಥನೆ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಅಂತಲೇ ಶುರುವಾಗುತ್ತದಲ್ಲ.

ಶಿಲುಬೆಯ ಬಗ್ಗೆ ನನಗಾಗಿ ಮಾತ್ರ ಹೇಳುತ್ತೇನೆ. ದೇವರೇ ಮನುಷ್ಯನಾಗಿ ಬಂದು ಸಹಿಸಿದ ಅಂದರೆ, ಆತನಿಗೆ ಕೊನೆ ಮೊದಲೇ ಗೊತ್ತಿತ್ತಲ್ಲ ಅನ್ನಿಸುತ್ತಿತ್ತು ಚಿಕ್ಕಂದಿನಲ್ಲಿ. ನಮ್ಮ ಹಾಗೇ ಒಬ್ಬ ಮನುಷ್ಯ, ಹೆದರಿಕೆಯಿಂದ ಬೆವರಿದವನು, ಈ ಬಟ್ಟಲು ಬೇಡ ಅಂದವನು, ಆಮೇಲೆ ನಿನ್ನ ಇಷ್ಟದಂತೆ ಆಗಲಿ ಅಂದವನು, ಅವನನ್ನು ದೇವರು ಸಾವಿನಿಂದ ಎಬ್ಬಿಸಿ ತನ್ನ ಬಲಗಡೆ ಕೂರಿಸಿದ. ಅದು ನನಗೆ ಚಿಕ್ಕ ಸುದ್ದಿ ಅಲ್ಲ. ಕ್ರೈಸ್ತ ಅನ್ನುವ ಹೆಸರನ್ನು ಅಷ್ಟಕ್ಕೇ ಇಟ್ಟುಕೊಂಡಿದ್ದೇನೆ.

ಹಳೇಬೆಂಚು:

ಬ್ರದರ್, ಆ ಬೆವರು ನಮಗೂ ನಿಜದ ಬೆವರೇ. ಅವನು ಪೂರ್ತಿ ಮನುಷ್ಯ ಅಂತಲೂ ಸಭೆ ಅಷ್ಟೇ ಗಟ್ಟಿಯಾಗಿ ಹೇಳಿದೆ. ನನಗೆ ಸಾಂತ್ವನ ಅಲ್ಲೇ ಇರುವುದು, ನಮ್ಮ ನೋವಿನೊಳಗೆ ಬಂದದ್ದು ದೇವರು ಕಳುಹಿಸಿದವನಷ್ಟೇ ಅಲ್ಲ, ದೇವರೇ. ಇಲ್ಲಿ ನಾವಿಬ್ಬರೂ ಒಂದಾಗುವುದಿಲ್ಲ ಬಿಡಿ.

ಒಂದರಲ್ಲಿ ಮಾತ್ರ ನಿಮ್ಮ ಕಡೆಗೇ ನಿಲ್ಲುತ್ತೇನೆ. ಯೋಹಾನನ ಮೊದಲ ಪತ್ರ, ಐದನೇ ಅಧ್ಯಾಯ, ಏಳನೇ ವಚನ. ಪರಲೋಕದಲ್ಲಿ ಸಾಕ್ಷಿ ಹೇಳುವವರು ಮೂವರು, ತಂದೆ, ವಾಕ್ಯ, ಪವಿತ್ರಾತ್ಮ, ಈ ಮೂವರೂ ಒಂದೇ ಅಂತ ಹಳೇ ಇಂಗ್ಲಿಷ್ ಬೈಬಲ್ಲಿನಲ್ಲಿದೆ. ಅದನ್ನು ಯಾರಾದರೂ ಆಧಾರ ಅಂತ ತಂದರೆ ನಂಬಬೇಡಿ. ಹಳೇ ಗ್ರೀಕ್ ಹಸ್ತಪ್ರತಿಗಳಲ್ಲಿ ಆ ಮಾತಿಲ್ಲ. ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ ವಿದ್ವಾಂಸ ಎರಾಸ್ಮಸ್ 1516ರ, 1519ರ ಮುದ್ರಣಗಳಲ್ಲಿ ಬಿಟ್ಟಿದ್ದ, ಜನ ಬೊಬ್ಬೆ ಹಾಕಿದ ಮೇಲೆ 1522ರಲ್ಲಿ ಸೇರಿಸಿದ. ಸೇಬಿನ ನ್ಯೂಟನ್ ಇದರ ಬಗ್ಗೆಯೇ 1690ರಲ್ಲಿ ತತ್ವಜ್ಞಾನಿ ಜಾನ್ ಲಾಕ್‌ಗೆ ಉದ್ದ ಕಾಗದ ಬರೆದಿದ್ದ, ಬದುಕಿರುವವರೆಗೆ ಅಚ್ಚು ಹಾಕಿಸುವ ಧೈರ್ಯ ಮಾಡಲಿಲ್ಲ. ಆ ವಚನ ಹೋದರೂ ನಮ್ಮ ನಂಬಿಕೆಗೆ ಏನೂ ಆಗುವುದಿಲ್ಲ, ಸುಳ್ಳು ಸಾಕ್ಷಿ ಬೇಡ ಅಷ್ಟೇ. ತಂಗಿ, ನಿಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದ ಕನ್ನಡ ಬೈಬಲ್ ಇದ್ದರೆ ತೆಗೆದು ನೋಡಿ, ಈಗಿನದರ ಪಕ್ಕ ಇಟ್ಟು.

ಕಡಲಕರೆ:

ಇದೆ! ಅಜ್ಜಿಯ ಟ್ರಂಕಿನಲ್ಲಿ, ರಟ್ಟು ಕಿತ್ತುಹೋಗಿದೆ, ಬಟ್ಟೆಯಲ್ಲಿ ಸುತ್ತಿಟ್ಟಿದ್ದಾರೆ. ಕ್ರಿಸ್ಮಸ್‌ಗೆ ಊರಿಗೆ ಹೋಗುತ್ತೇನೆ. ಅವಳೂ ಬರುತ್ತೇನೆ ಅಂದಿದ್ದಾಳೆ, ಕಡಲು ನೋಡಬೇಕಂತೆ. ಆ ಪುಟದ ಫೋಟೊ ತೆಗೆದು ಇಲ್ಲೇ ಹಾಕುತ್ತೇನೆ.